ಬಾಗಿಲಿಲ್ಲದ ಪಡಸಾಲೆ

ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ದಾರಿಯ ಬದಿಯ ಹಳ್ಳಿಯೊಂದರಲ್ಲಿ ನಮ್ಮ ಮನೆಯಿದೆ. ಹಿಂದೆ ಅದು ದಾರಿಹೋಕರ ಧರ್ಮಶಾಲೆಯಾಗಿತ್ತು. ಎರಡು ಮೊಳ ದಪ್ಪದ ಕಲ್ಲುಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ನೆತ್ತಿಯಲ್ಲೊಂದು ಬೆಳಕಿಂಡಿ. ಹೊರಗಿನ ಬಿಸಿಲು ಒಳಗಿಳಿಯುವಷ್ಟರಲ್ಲಿ ಸಂಜೆಯೇ ಆಗುವುದು. ಗಾಡಿಯವರು ಮಲಗುತ್ತಿದ್ದ ಮುಂಭಾಗದ ಪಡಸಾಲೆಗೆ ಬಾಗಿಲೇ ಇರಲಿಲ್ಲ.

ಕಳ್ಳರಿಗೆ ಅಂಜಿ ನಾನೊಮ್ಮೆ ಅಲ್ಲಿ ಬಾಗಿಲಿರಿಸಿದೆ. “ತಮ್ಮಾ, ಬಿಸಿಲಾಗ ಬಂದವರು ಎಲ್ಲಿ ಕೂಡಬೇಕು?” ಎಂದಳು ಅವ್ವ. ನಾನು ಉತ್ತರಿಸಲಿಲ್ಲ.

ಆ ವರ್ಷವೂ ವಿದ್ಯಾರ್ಥಿಗಳನ್ನು ಮಸ್ಕಿಗೆ ಕರೆದೊಯ್ದೆ. 1915ರಲ್ಲಿ ಬೆಳಕಿಗೆ ಬಂದ ಅಲ್ಲಿಯ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಆ ಅರಸನು ದಾರಿಬದಿಯಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ತಂಗುದಾಣಗಳನ್ನು ಕಟ್ಟಿಸಿದುದನ್ನು ಅವನ ಬೇರೊಂದು ಶಾಸನ ಹೇಳುತ್ತದೆ. ಅದನ್ನು ಮಕ್ಕಳಿಗೆ ವಿವರಿಸುವಾಗ ನನ್ನ ನಾಲಿಗೆ ತಡವರಿಸಿತು.

ಮರುದಿನವೇ ಬಾಗಿಲನ್ನು ಒಳಗೋಡೆಗೆ ಸರಿಸಿದೆ. ಪಡಸಾಲೆಯಲ್ಲಿ ಇಂದಿಗೂ ನೀರಿನ ಹರವಿಯಿದೆ.