ಇಳಕಲ್ಲಿನ ಕೆಂಪು ಸೆರಗು

ವಿಜಯಪುರದಿಂದ ಹೊಸಪೇಟೆಗೆ ಸಾಗುವ ಹೆದ್ದಾರಿಯಲ್ಲಿ ಹುನಗುಂದವನ್ನು ದಾಟಿ ತುಸು ದೂರ ಬಂದರೆ ಇಳಕಲ್ಲು. ಬಾಗಲಕೋಟೆ ಜಿಲ್ಲೆಯ ಈ ಊರಿಗೆ ಎರಡು ವಸ್ತುಗಳಿಂದ ಹೆಸರು ಬಂದಿದೆ. ಎರಡರ ಬಣ್ಣವೂ ಕೆಂಪು. ಒಂದು, ಸುತ್ತಲ ಗಣಿಗಳಿಂದೆದ್ದು ಪರದೇಶಗಳಿಗೆ ಹೋಗುವ ಗ್ರಾನೈಟ್ ಕಲ್ಲು. ಇನ್ನೊಂದು, ಸೀರೆಯ ಸೆರಗು. ಕಲ್ಲನ್ನು ಕೊಂಡವನು ಊರಿನ ಹೆಸರನ್ನು ಮರೆತಾನು. ಸೆರಗನ್ನು ಹೊದ್ದವಳು ಮರೆಯಲಾರಳು.

ನವರಾತ್ರಿ ಸಮೀಪಿಸಿತೆಂದರೆ ಇಲ್ಲಿಯ ಅಂಗಡಿಗಳ ಗಾದಿಯ ಮೇಲೆ ಸೀರೆಗಳು ರಾಶಿ ಬೀಳುತ್ತವೆ. ಇತ್ತೀಚಿನ ವರ್ಷಗಳಲ್ಲಿ ಆ ರಾಶಿಯ ಮೇಲೆ ಹೊಸದೊಂದು ಶಾಸನ ನಡೆಯತೊಡಗಿದೆ. ಒಂಬತ್ತು ದಿನಗಳಿಗೆ ಒಂಬತ್ತು ಬಣ್ಣಗಳ ಪಟ್ಟಿ ಪತ್ರಿಕೆಗಳ ಮೂಲಕವೂ ಮೊಬೈಲಿನ ಮೂಲಕವೂ ಮನೆಮನೆಗೆ ಬರುತ್ತದೆ. ಭಾನುವಾರಕ್ಕೆ ಕಿತ್ತಳೆ, ಸೋಮವಾರಕ್ಕೆ ಬಿಳಿ, ಮಂಗಳವಾರಕ್ಕೆ ಕೆಂಪು. ಶನಿವಾರಕ್ಕೆ, ಆಶ್ಚರ್ಯವೆನ್ನಬೇಕು, ಬೂದು! ಕಚೇರಿಯ ಮಹಿಳೆಯರೆಲ್ಲ ಒಂದೇ ಬಣ್ಣವನ್ನುಟ್ಟು ಭಾವಚಿತ್ರ ತೆಗೆಸಿಕೊಳ್ಳುವ ಸಂಭ್ರಮವನ್ನು ಹಳಿಯಬೇಕಾಗಿಲ್ಲ. ಆದರೆ ಒಂದು ದಿನದ ಬಣ್ಣವನ್ನೂ ಹತ್ತಾರು ವರ್ಷ ಪೆಟ್ಟಿಗೆಯಲ್ಲಿ ಬಾಳಬೇಕಾದ ಸೀರೆಯನ್ನೂ ಹೊಂದಿಸುವುದು ಸುಲಭವಲ್ಲ.

ಹುಬ್ಬಳ್ಳಿಯಿಂದ ಬಂದ ಅಜ್ಜಿ, ಮೊಮ್ಮಗಳು ಅಂಥದೊಂದು ಗಾದಿಯ ಅಂಚಿನಲ್ಲಿ ಕುಳಿತಿರುತ್ತಾರೆ. ಮೊಮ್ಮಗಳ ಬೆರಳು ಬೂದು ಸೀರೆಯನ್ನೇ ತೋರಿಸುತ್ತದೆ.

“ಹಬ್ಬದ ದಿನಾ ಬೂದಿ ಬಣ್ಣಾ ಉಡತೀಯೇನವ್ವಾ?”

“ಶನಿವಾರಕ್ಕ ಅದs ಐತಿ ಅಜ್ಜಿ. ಎಲ್ಲಾರೂ ಅದನ್ನs ಉಡತಾರ.”

ಅಂಗಡಿಯ ಹಿರಿಯ ಇಬ್ಬರ ಪಕ್ಷವನ್ನೂ ವಹಿಸುವುದಿಲ್ಲ. “ಮೊದಲ ಸೆರಗ ನೋಡು ತಂಗಿ, ಆಮ್ಯಾಲೆ ಒಡಲ ನೋಡು” ಎಂದು ಸೀರೆಯನ್ನು ಬಿಡಿಸಿ ಹರಡುತ್ತಾನೆ.

ಇದು ಮಗ್ಗವನ್ನು ಬಲ್ಲವನ ಮಾತು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಸಾಮಾನ್ಯವಾಗಿ ಹತ್ತಿ. ಸೆರಗಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಬೆಸೆಯುತ್ತಾರೆ. ಆದ್ದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿಯೇ ಸಿದ್ಧಪಡಿಸಬೇಕು. ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿಯ ವಿನ್ಯಾಸ: ಬಾಚಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲು. ಅಂಚಿಗೂ ಕೆಂಪಿನದೇ ಮೇಲುಗೈ. ಹೀಗೆ ಅರ್ಧ ನಿರ್ಣಯ ಮೊದಲೇ ಆಗಿಹೋಗಿದೆ. ಉಡುವವಳು ಆರಿಸುವುದು ಆ ಕೆಂಪಿಗೆ ನೆರೆಯವರನ್ನು ಮಾತ್ರ.

ಹಿಂದಿನವರು ಈ ನೆರೆಹೊರೆಯನ್ನು ಚೆನ್ನಾಗಿ ಅರಿತಿದ್ದರು. ಗಿಳಿಹಸಿರು, ನವಿಲುಹಸಿರುಗಳ ಪಕ್ಕದಲ್ಲಿ ಕೆಂಪು ಅರಳುತ್ತದೆ. ದಾಳಿಂಬೆಯ ಒಡಲಿನ ಮೇಲೆ ಅದೇ ಕೆಂಪು ತಣ್ಣಗೆ ಬೆರೆಯುತ್ತದೆ. ಹತ್ತಿಯ ಒಡಲು ಬೆಳಕನ್ನು ಹೀರುವುದರಿಂದ, ರೇಷ್ಮೆಯ ಸೆರಗು ಅದನ್ನು ಹಿಂದಿರುಗಿಸುವುದರಿಂದ, ಎರಡಕ್ಕೂ ಒಂದೇ ಬಣ್ಣ ಕಟ್ಟಿದರೂ ಕಣ್ಣಿಗೆ ಒಂದೇ ಆಗಿ ಕಾಣುವುದಿಲ್ಲ. ಒಡಲಿಗೆ ಸರಿಹೊಂದುವ ಸೆರಗನ್ನೇ ನೇಯಿಸಬೇಕೆಂಬ ಈಗಿನ ಫ್ಯಾಶನ್ನು ಮುಗ್ಗರಿಸುವುದು ಇಲ್ಲಿಯೇ. ಕೆಂಪನ್ನು ತೆಗೆದುಹಾಕಿದ ಇಳಕಲ್ಲ ಸೀರೆ ಸೀರೆಯಾಗಿ ಉಳಿದೀತು, ಇಳಕಲ್ಲಾಗಿ ಅಲ್ಲ.

ಹಾಗೆಂದು ಹಳೆಯದೆಲ್ಲ ಒಂದೇ ಬಗೆಯೆಂದು ಭಾವಿಸಬಾರದು. ಅನೇಕ ಕಡೆ ಶುಭಕಾರ್ಯಕ್ಕೆ ವರ್ಜ್ಯವಾದ ಕಪ್ಪು, ಉತ್ತರ ಕರ್ನಾಟಕದಲ್ಲಿ ಚಂದ್ರಕಾಳಿ ಸೀರೆಯಾಗಿ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆಗಳನ್ನು ಹೊತ್ತು ಮದುವಣಗಿತ್ತಿಯ ಪೆಟ್ಟಿಗೆಗೇ ಸೇರುತ್ತಿತ್ತು. ಮಹಾರಾಷ್ಟ್ರದ ಹೆಂಗಸರು ಇಂದಿಗೂ ಸಂಕ್ರಾಂತಿಗೆ ಕಪ್ಪನ್ನೇ ಉಡುತ್ತಾರೆ. ಕಪ್ಪಿಗೆ ದೊರೆತ ಮನ್ನಣೆ ಬೂದಿಗೆ ಏಕೆ ದೊರೆಯಬಾರದು?

ದೊರೆಯಬಹುದು. ಆದರೆ ಅದರ ಹೊರೆ ಹೊರುವವರು ಯಾರೆಂಬುದನ್ನೂ ನೋಡಬೇಕು. ವಿದ್ಯುತ್ ಮಗ್ಗ ಬೇಗ ನೇಯ್ದು ಬೇಗ ಮಾರೀತು. ಕೈಮಗ್ಗದವನಾದರೋ ನೂಲಿಗೆ ಬಣ್ಣ ಕಟ್ಟಿಸಿ, ಹಾಸು ಹೂಡಿ, ಕೊಂಡಿ ಬೆಸೆದು ಸೀರೆಯನ್ನು ಇಳಿಸುವಷ್ಟರಲ್ಲಿ ದಿನಗಳು ಉರುಳಿರುತ್ತವೆ. ಈ ವರ್ಷ ಎಲ್ಲರೂ ಕೇಳಿದ ಬಣ್ಣವನ್ನು ಬರುವ ವರ್ಷ ಯಾರೂ ಕೇಳದಿದ್ದರೆ ಆ ಸೀರೆ ಅವನ ಮನೆಯ ಗೂಟದಲ್ಲಿಯೇ ಉಳಿಯುತ್ತದೆ. ಹಸಿರಿಗೆ ಆ ಭಯವಿಲ್ಲ.

ನೇಕಾರರ ಬಳಿ ಇದಕ್ಕೂ ಒಂದು ಉಪಾಯವುಂಟು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ. ಬೂದು ಹಾಸಿಗೆ ಕೆಂಪು ಹೊಕ್ಕನ್ನು ಹಾಯಿಸಿದರೆ ಬೂದು ತನ್ನ ಸಪ್ಪೆತನವನ್ನು ಕಳೆದುಕೊಂಡು, ಪಾರಿವಾಳದ ಕೊರಳಿನಂತೆ ಮಡಿಕೆ ಮಡಿಕೆಗೂ ಬೇರೆಯಾಗುತ್ತದೆ. ಆದರೆ ಅಂಗಡಿಯ ಕೊಳವೆದೀಪದ ಕೆಳಗೆ ಈ ಸೊಗಸು ಕಾಣದು. ಹಗಲಿನ ಬೆಳಕಿಗೆ ತಾರದೆ ಸೀರೆಯನ್ನು ಕೊಳ್ಳುವುದು ಬಾರಿಸಿ ನೋಡದೆ ಗಡಿಗೆಯನ್ನು ಕೊಂಡಂತೆ.

ಹಿರಿಯ ಅಂಥದೊಂದನ್ನು ಒಳಗಿನಿಂದ ತರುತ್ತಾನೆ. ಮೊಮ್ಮಗಳು ಅದರ ಸೆರಗನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಬಿಸಿಲು ಒಡಲಿನ ಮೇಲೆ ಬೀಳುತ್ತದೆ. ಅಜ್ಜಿ ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡುತ್ತಾಳೆ; ಸೆರಗಿನ ಬಿಳಿಯ ತೆನೆಗಳನ್ನು ಬೆರಳಿನಿಂದ ಒಮ್ಮೆ ಸವರುತ್ತಾಳೆ.

“ಇರಲಿ, ತಗೋ. ಇದಕ್ಕ ಗುಳೇದಗುಡ್ಡದ ಹಸರು ಖಣಾ ಹೊಲಿಸೋಣು.”