ಹೊರಡುವ ಮುನ್ನ ಒಂದು ಸುತ್ತು

ನಮ್ಮ ತಂದೆಯವರು ಆಳಂದದ ಕಡೆಯಿಂದ ಗಾಣಗಾಪುರಕ್ಕೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಎತ್ತುಗಳಿಗೆ ನೊಗವಿಡುವ ಮುನ್ನ ಬಂಡಿಯನ್ನು ತಪ್ಪದೆ ಒಂದು ಸುತ್ತು ಬರುವರು. ಕೀಲೆಣ್ಣೆ ಇದೆಯೇ, ಗಾಲಿಯ ಪಟ್ಟಿ ಸಡಿಲವಾಗಿದೆಯೇ, ಕಡಾಣಿ ಭದ್ರವಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವರು. ನಿನ್ನೆ ತಾನೇ ಬಡಿಗನು ನೋಡಿದ್ದಾನೆಂದರೂ ಕೇಳುತ್ತಿರಲಿಲ್ಲ. ಆ ಪಾಠವನ್ನು ನಾವು ಮರೆತಿದ್ದೆವೆಂಬುದು ೨೦೨೨ರಲ್ಲಿ ನಮಗೆ ಮನವರಿಕೆಯಾಯಿತು.

ಕಲಬುರಗಿಯ ವಿಮಾನ ನಿಲ್ದಾಣವು ೨೦೧೯ರ ನವೆಂಬರ್ ೨೨ರಂದು ಆರಂಭವಾಗಿದ್ದಿತಷ್ಟೆ. ವೃದ್ಧರಾದ ನಮ್ಮ ತಾಯಿಯವರನ್ನು ದತ್ತ ಜಯಂತಿಯ ಹಿಂದಿನ ದಿನ ಬೆಂಗಳೂರಿನಿಂದ ಆ ಮಾರ್ಗವಾಗಿ ಕರೆದೊಯ್ಯುವುದೆಂದು ನಿಶ್ಚಯಿಸಿದೆವು. ಮಧ್ಯಾಹ್ನದ ಮಧುಕರಿಯ ಹೊತ್ತಿಗೆ ಕ್ಷೇತ್ರವನ್ನು ಸೇರಬೇಕೆಂಬುದು ಅವರ ಬಯಕೆ.

ವಿಮಾನದ ಬಳಿಗೆ ಬಸ್ಸಿನಲ್ಲಿ ಬಂದು ನಿಂತಾಗ, ಚಾಲಕರಲ್ಲೊಬ್ಬರು ಕೈದೀಪ ಹಿಡಿದು ವಿಮಾನದ ಸುತ್ತ ಬರುತ್ತಿದ್ದರು. ಒಂದು ಗಾಲಿಯ ಬಳಿ ಬಗ್ಗಿದವರು ಬೇಗ ಏಳಲಿಲ್ಲ. ಎಂಜಿನಿಯರರನ್ನು ಕರೆದರು. ಟೈರಿನಲ್ಲಿ ಒಂದು ಸೀಳು ಕಂಡಿದ್ದಿತು. ನಮ್ಮನ್ನು ಹಿಂದಕ್ಕೆ ಕಳುಹಿಸಿ ಗಾಲಿಯನ್ನು ಬದಲಾಯಿಸಿದರು. ಎರಡು ಗಂಟೆ ತಡವಾಯಿತು. “ರಾತ್ರಿಯೇ ನೋಡಿಡಬಾರದಾಗಿತ್ತೇ?” ಎಂದು ನಾವು ಅಲ್ಲಿದ್ದ ಹುಡುಗಿಯೊಬ್ಬಳ ಮೇಲೆ ರೇಗಿದೆವು. ಆಕೆ, “ರಾತ್ರಿಯೂ ನೋಡಿದ್ದಾರೆ ಸರ್. ಪ್ರತಿ ಸಲವೂ ನೋಡಲೇಬೇಕು” ಎಂದಳು.

ಆಕೆಯ ಮಾತು ನಿಜವೆಂಬುದನ್ನು ಆಮೇಲೆ ಓದಿ ತಿಳಿದೆವು. ವಿಮಾನವು ಹಾರಲು ಯೋಗ್ಯವೆಂದು ಸರಕಾರದ ಪ್ರಮಾಣಪತ್ರವಿರಬೇಕು. ದುರಸ್ತಿಯಾದಾಗ ಪರವಾನಗಿಯುಳ್ಳ ಎಂಜಿನಿಯರರು ರುಜು ಹಾಕಬೇಕು. ಇಷ್ಟಿದ್ದರೂ ಹಾರುವ ಮುನ್ನ ಕಣ್ಣಿನಿಂದ ನೋಡುವ ಕೆಲಸ ಉಳಿದೇ ಇರುವುದು: ಎಣ್ಣೆ ಸೋರಿದೆಯೇ, ರೆಕ್ಕೆಗೆ ಪೆಟ್ಟು ಬಿದ್ದಿದೆಯೇ, ವೇಗವನ್ನು ಅಳೆಯಲು ಗಾಳಿಯನ್ನು ಒಳಗೊಳ್ಳುವ ಸಣ್ಣ ನಳಿಕೆಗಳು ತೆರೆದಿವೆಯೇ ಎಂದು. ೧೯೯೬ರ ಫೆಬ್ರವರಿ ೬ರಂದು ಡೊಮಿನಿಕನ್ ಗಣರಾಜ್ಯದ ಸಮೀಪ ವಿಮಾನವೊಂದು ಕಡಲಿಗೆ ಬಿದ್ದು ೧೮೯ ಮಂದಿ ಮಡಿದರು. ಅಂಥ ಒಂದು ನಳಿಕೆ ಕಟ್ಟಿಕೊಂಡು ವೇಗವನ್ನು ತಪ್ಪಾಗಿ ತೋರಿಸಿದ್ದೇ ಆ ಅನರ್ಥದ ಮೊದಲು. ವಿಮಾನವು ಕೆಲವು ದಿನ ನಿಂತಿದ್ದಾಗ ನಳಿಕೆಗೆ ಮುಸುಕು ಹಾಕಿರಲಿಲ್ಲ. ನಮ್ಮ ಗೋಡೆಗಳ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳುವಿನ ಜಾತಿಯದೊಂದು ಅದರೊಳಗೆ ಗೂಡು ಮಾಡಿದ್ದಿರಬೇಕೆಂದು ತನಿಖೆ ಮಾಡಿದವರು ಊಹಿಸಿದರು. ಹುಳುವಿಗೆ ಪ್ರಮಾಣಪತ್ರದ ಗೊಡವೆ ಎಲ್ಲಿಯದು!

ಅಂದು ನಾವು ಗಾಣಗಾಪುರವನ್ನು ಸೇರುವಾಗ ಮಧುಕರಿಯ ಹೊತ್ತು ಮೀರಿದ್ದಿತು. ಭೀಮಾ ಅಮರಜೆಯರ ಸಂಗಮದ ದಡದಲ್ಲಿ ನಾವು ಇನ್ನೂ ಗೊಣಗುತ್ತಿರಲು, ತಾಯಿಯವರು ಮೆಲ್ಲನೆ ಹೇಳಿದರು: “ತಮ್ಮಾ, ಮಧುಕರಿ ನಾಳೆನೂ ಸಿಗ್ತದ. ಆ ಮನುಷ್ಯಾ ಬಗ್ಗಿ ನೋಡ್ಯಾನಂತ ನಾವು ಇವತ್ತ ಸಂಗಮ ನೋಡ್ಲಾಕತ್ತೀವಿ. ನಿಮ್ಮಪ್ಪನೂ ಹಂಗೇ ನೋಡ್ತಿದ್ದ.”

ನಮಗೆ ನಾಚಿಕೆಯಾಯಿತು. ಆ ಹುಡುಗಿಯ ಹೆಸರನ್ನು ಸಹ ನಾವು ಕೇಳಿರಲಿಲ್ಲ. ನಮ್ಮ ಪ್ರಾಣಕ್ಕಾಗಿ ತಡಮಾಡುವವರ ಮೇಲೆ ನಾವು ಸಿಟ್ಟಾಗುವೆವು; ನೋಡದೆ ಬೇಗ ಹೊರಡಿಸುವವರನ್ನು ಜಾಣರೆನ್ನುವೆವು. ಈಗ ವಿಮಾನ ತಡವಾಯಿತೆಂದರೆ ನಾವು ಸುಮ್ಮನೆ ಕುಳಿತು, ಕಡಾಣಿಯನ್ನು ಮುಟ್ಟಿ ನೋಡುತ್ತಿದ್ದ ತಂದೆಯವರ ಕೈಯನ್ನು ನೆನೆಯುವೆವು.