ಬೀಗ ಹಾಕಿದ ಮನೆ

ಬೇಸಗೆಯ ರಜೆ ಸಮೀಪಿಸಿತೆಂದರೆ ಬೆಂಗಳೂರಿನ ಗೃಹಸ್ಥರಿಗೆ ಎರಡು ಬಗೆಯ ಚಿಂತೆಗಳು ತಲೆದೋರುವುವು. ರೈಲಿನಲ್ಲಿ ಸ್ಥಳ ದೊರೆಯುವುದೋ ಇಲ್ಲವೋ ಎಂಬುದು ಒಂದು. ಬೀಗ ಹಾಕಿ ಬಿಟ್ಟುಹೋದ ಮನೆಯು ಹಿಂದಿರುಗುವವರೆಗೆ ಇದ್ದಂತೆಯೇ ಇರುವುದೋ ಎಂಬುದು ಇನ್ನೊಂದು. ಮೊದಲನೆಯ ಚಿಂತೆ ರೈಲು ಹತ್ತಿದೊಡನೆ ನೀಗುವುದು. ಎರಡನೆಯದು ಆಗಲೇ ಆರಂಭವಾಗುವುದು. ಅರಸೀಕೆರೆ ದಾಟುವಾಗ ಬಾಲ್ಕನಿಯ ಚಿಲಕದ ನೆನಪು, ಬೀರೂರು ಬರುವ ಹೊತ್ತಿಗೆ ಗ್ಯಾಸಿನ ನೆನಪು. ಪ್ರತಿ ವರ್ಷ ಮೇ ತಿಂಗಳಲ್ಲಿ ಮೂರು ವಾರ ನಾವು ಮಲೆನಾಡಿನ ನಮ್ಮ ಊರಿಗೆ ಹೋಗುವ ಪದ್ಧತಿಯುಳ್ಳವರಾದ್ದರಿಂದ ಈ ವಿಷಯದಲ್ಲಿ ನಮಗೆ ಒಂದಿಷ್ಟು ಅನುಭವವುಂಟು. ವಾಚಕರೊಡನೆ ಅದನ್ನು ಹಂಚಿಕೊಳ್ಳಬೇಕೆಂದು ಬರೆಯಲು ಕುಳಿತಿದ್ದೇವೆ.

ಊರಿನ ಮನೆಗೆ ಬೀಗ ಬೀಳುವ ಪ್ರಸಂಗವೇ ಅಪೂರ್ವವಾಗಿತ್ತು. ಮದುವೆಗೋ ಯಾತ್ರೆಗೋ ಮನೆಮಂದಿಯೆಲ್ಲ ಹೊರಟರೂ ವೃದ್ಧರೊಬ್ಬರು ಜಗಲಿಯ ಮೇಲೆ ಉಳಿದೇ ಉಳಿಯುತ್ತಿದ್ದರು. ಆ ಕಾಲದ ಕಳ್ಳನು ಬಾಗಿಲಿನ ಗೊಡವೆಗೆ ಹೋಗದೆ ಗೋಡೆಗೆ ಕನ್ನ ಕೊರೆಯುತ್ತಿದ್ದನು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಯ ಗೋಡೆಯೆದುರು ನಿಂತು, ಕನ್ನದ ಆಕಾರ ಹೇಗಿದ್ದರೆ ಚೆನ್ನವೆಂದು ಶಿಲ್ಪಿಯಂತೆ ಆಲೋಚಿಸುವುದನ್ನೂ, ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರದಿಂದಲೇ ಅಳೆಯುವುದನ್ನೂ ಓದಿದವರು ಬಲ್ಲರು. ಕಾಂಕ್ರೀಟಿನ ಗೋಡೆಯೆದುರು ಆ ವಿದ್ಯೆ ನಡೆಯದು. ನಾಲ್ಕನೆಯ ಅಂತಸ್ತಿನ ಫ್ಲಾಟಿಗೆ ಹಿತ್ತಿಲ ಬಾಗಿಲಿಲ್ಲ, ಹೆಂಚು ಸರಿಸಿ ಇಳಿಯುವ ಮಾಡಿಲ್ಲ, ಇರುವುದೊಂದೇ ಬಾಗಿಲು. ಆದರೆ ಅದೇ ನಾಟಕದಲ್ಲಿ ಇನ್ನೊಂದು ಸಂಗತಿಯುಂಟು. ಒಡವೆಯ ಪೆಟ್ಟಿಗೆಯನ್ನು ಕಾಯುತ್ತ ಮಲಗಿದ್ದ ಮೈತ್ರೇಯನು ನಿದ್ದೆಗಣ್ಣಿನಲ್ಲಿ ತಾನಾಗಿಯೇ ಅದನ್ನು ಕಳ್ಳನ ಕೈಗೆ ಒಪ್ಪಿಸುತ್ತಾನೆ. ಗೋಡೆಗಳು ಬದಲಾದರೂ ಮೈತ್ರೇಯನ ಸಂತತಿ ಅಳಿದಿಲ್ಲವೆಂದೇ ನಮಗೆ ತೋರುವುದು. ನಮ್ಮ ಪರಿಚಯದ ತರುಣರೊಬ್ಬರು ವಿಮಾನನಿಲ್ದಾಣದಿಂದಲೇ ಸಕುಟುಂಬವಾಗಿ ಭಾವಚಿತ್ರ ತೆಗೆದು, ಹತ್ತು ದಿನಗಳ ಪ್ರವಾಸವೆಂದು ಬರೆದು, ವಾಟ್ಸ್‌ಆ್ಯಪ್‌ ಸ್ಟೇಟಸ್ಸಿನಲ್ಲಿ ಹಾಕಿದರು. ಮೂರು ವರ್ಷಗಳ ಹಿಂದೆ ಹಳೆಯ ಸೋಫಾ ಕೊಂಡುಹೋದ ಅಪರಿಚಿತನ ಸಂಖ್ಯೆಯೂ ಆ ಫೋನಿನಲ್ಲಿದ್ದಿತೆಂಬುದನ್ನು ಅವರು ನೆನೆಯಲಿಲ್ಲ. ಭಾವಚಿತ್ರಗಳನ್ನು ಹಿಂದಿರುಗಿದ ಮೇಲೆ ತೋರಿಸಿದರೆ ಅವುಗಳ ಅಂದವೇನೂ ಕೆಡುವುದಿಲ್ಲವಷ್ಟೆ.

ಬಾಗಿಲಿಗೂ ಬಾಯುಂಟು. ಹೊರಗೆ ತೂಗುವ ದೊಡ್ಡ ಬೀಗವು ಮನೆಯವರಿಗೆ ಧೈರ್ಯ ಕೊಡುವುದೇನೋ ಸರಿ. ದಾರಿಯಲ್ಲಿ ಹೋಗುವವನಿಗೆ ಅದು ಒಳಗೆ ಯಾರೂ ಇಲ್ಲವೆಂಬ ವರ್ತಮಾನವನ್ನೂ ಕೊಡುವುದು. ಬಾಗಿಲ ಮರದೊಳಗೆ ಹುದುಗಿದ ಬೀಗವು ಮನೆಯವರು ಇದ್ದರೂ ಇಲ್ಲದಿದ್ದರೂ ಒಂದೇ ಮುಖ ತೋರುವುದು. ಬೀಗಕ್ಕೆ ಎಷ್ಟು ಹಣ ತೆತ್ತರೂ ಚಿಲಕದ ಕೊಂಡಿಯನ್ನು ಚೌಕಟ್ಟಿಗೆ ಹಿಡಿದಿರುವ ತಿರುಪುಮೊಳೆಗಳು ಅರ್ಧ ಅಂಗುಲದವಾದರೆ ಪ್ರಯೋಜನವಿಲ್ಲ. ಬೀಗವನ್ನು ಮುಟ್ಟದೆಯೇ ಕೊಂಡಿಯನ್ನು ಮೀಟಿ ತೆಗೆಯಬಹುದು. ಬಡಗಿಯನ್ನು ಕರೆಯಿಸಿ ಉದ್ದನೆಯ ಮೊಳೆಗಳನ್ನು ಹಾಕಿಸಲು ಅರ್ಧ ಗಂಟೆ ಸಾಕು. ಹಾಲು, ಪತ್ರಿಕೆಗಳನ್ನು ನಿಲ್ಲಿಸುವುದನ್ನು ಎಲ್ಲರೂ ಬಲ್ಲರು. ಬಾಗಿಲ ಹಿಡಿಗೆ ಸಿಕ್ಕಿಸಿಹೋಗುವ ಜಾಹೀರಾತಿನ ಚೀಟಿಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾರದ ಕೊನೆಗೆ ಅಲ್ಲಿ ನಾಲ್ಕು ಚೀಟಿಗಳು ತೂಗುತ್ತಿದ್ದರೆ ಬೇರೆ ಸಾಕ್ಷ್ಯವೇ ಬೇಡ. ಹಗಲೂ ಇರುಳೂ ಉರಿಯುವ ಒಂಟಿ ದೀಪವೂ ಹಾಗೆಯೇ. ಎಲ್ಲಕ್ಕಿಂತ ರಂಗೋಲಿ. ನಮ್ಮ ಅಂತಸ್ತಿನ ನಾಲ್ಕು ಹೊಸ್ತಿಲುಗಳಲ್ಲಿ ಮೂರರ ಮುಂದೆ ಪ್ರಾತಃಕಾಲಕ್ಕೆ ಎಳೆ ಬಿದ್ದು ನಾಲ್ಕನೆಯದು ಬರಿದಾಗಿ ಉಳಿದರೆ, ಲಿಫ್ಟಿನಿಂದ ಹೊರಗೆ ಕಾಲಿಟ್ಟವನು ಯಾರನ್ನೂ ಕೇಳಬೇಕಾದುದಿಲ್ಲ.

ಇಷ್ಟಾದರೂ, ಮನೆಯಲ್ಲಿಲ್ಲದವರಿಗೆ ಕಳ್ಳನಿಗಿಂತ ನೀರೇ ಹೆಚ್ಚು ಹಾನಿ ಮಾಡುವುದೆಂಬುದು ನಮ್ಮ ಅಭಿಪ್ರಾಯ. ೨೦೨೪ರ ಬೇಸಗೆಯಲ್ಲಿ ಬೆಂಗಳೂರು ಅನುಭವಿಸಿದ ನೀರಿನ ಬರವನ್ನು ಯಾರೂ ಮರೆತಿರಲಾರರು. ಆ ದಿನಗಳಲ್ಲಿ ನಮ್ಮ ಕಟ್ಟಡದ ಕುಟುಂಬವೊಂದು ಬೆಳಗ್ಗೆ ನಲ್ಲಿ ತಿರುಗಿಸಿ, ನೀರು ಬಾರದ್ದರಿಂದ ಬೇಸರಗೊಂಡು, ತಿರುಗಿಸಿದ್ದನ್ನು ಹಾಗೆಯೇ ಬಿಟ್ಟು ಪ್ರಯಾಣ ಹೊರಟಿತು. ರಾತ್ರಿ ಟ್ಯಾಂಕರು ಬಂದು ಮೇಲಿನ ತೊಟ್ಟಿ ತುಂಬಿತು. ನಿಮಿಷಕ್ಕೆ ಆರು ಲೀಟರಿನಂತೆ ಹರಿಯುವ ನಲ್ಲಿಯು ಒಂದು ದಿನಕ್ಕೆ ೮,೬೪೦ ಲೀಟರು ನೀರನ್ನು ಸುರಿಸುವುದು. ಬಚ್ಚಲ ತೂಬಿಗೆ ಒಂದು ಬಟ್ಟೆಯ ತುಂಡು ಅಡ್ಡವಾಗಿದ್ದಿತು. ಊರೆಲ್ಲ ಕೊಡ ಹಿಡಿದು ನಿಂತಿದ್ದಾಗ ಕೆಳಮನೆಯವರ ದೇವರಕೋಣೆಯ ಮೇಲ್ಛಾವಣಿಯಿಂದ ಗಂಗಾವತರಣವಾಯಿತು. ಬಾಗಿಲು ತೆರೆಯಲು ಕೀಲಿಕೈ ಯಾರ ಬಳಿಯೂ ಇಲ್ಲ. ಆದುದರಿಂದ ಹೊರಡುವಾಗ ನಲ್ಲಿಗಳನ್ನು ಒಂದೊಂದಾಗಿ ನೋಡುವುದಕ್ಕಿಂತ, ಮನೆಯೊಳಕ್ಕೆ ನೀರು ಬರುವ ಕೊಳವೆಯ ವಾಲ್ವುಗಳನ್ನೇ ಮುಚ್ಚುವುದು ಒಳ್ಳೆಯದು. ಅವು ಎಲ್ಲಿವೆಯೆಂಬುದನ್ನು ಪ್ರಯಾಣದ ದಿನ ಹುಡುಕದೆ ಮೊದಲೇ ತಿಳಿದಿರತಕ್ಕದ್ದು. ಗ್ಯಾಸು ಸಿಲಿಂಡರಿನ ರೆಗ್ಯುಲೇಟರನ್ನೂ ವಿದ್ಯುತ್ತಿನ ಬೇಡದ ಸ್ವಿಚ್ಚುಗಳನ್ನೂ ಆರಿಸುವ ಮಾತನ್ನು ವಿಸ್ತರಿಸಬೇಕಾಗಿಲ್ಲ.

ಇನ್ನು ಒಡವೆಗಳ ಮಾತು. ಬ್ಯಾಂಕಿನ ಲಾಕರೇ ಯೋಗ್ಯವಾದ ಸ್ಥಳ. ಆದರೂ ಅದು ಸರ್ವರಕ್ಷೆಯಲ್ಲ. ರಿಸರ್ವ್ ಬ್ಯಾಂಕು ೨೦೨೧ರ ಆಗಸ್ಟಿನಲ್ಲಿ ಹೊರಡಿಸಿದ ನಿಯಮದಂತೆ, ಲಾಕರಿನಲ್ಲಿ ಕಳವು, ಬೆಂಕಿ ಮೊದಲಾದವುಗಳಿಂದಾದ ನಷ್ಟಕ್ಕೆ ಬ್ಯಾಂಕು ಹೊಣೆಯಾದಲ್ಲಿ, ಆ ಹೊಣೆಯು ವಾರ್ಷಿಕ ಬಾಡಿಗೆಯ ನೂರರಷ್ಟು. ಮೂರು ಸಾವಿರ ರೂಪಾಯಿ ಬಾಡಿಗೆಯಾದರೆ ಮೂರು ಲಕ್ಷ. ಈ ಲೆಕ್ಕ ತಿಳಿದ ಕೆಲವರು ಒಡವೆಗಳನ್ನು ಮನೆಯಲ್ಲಿಯೇ, ಕಳ್ಳನ ಊಹೆಗೆ ನಿಲುಕದ ಸ್ಥಳಗಳಲ್ಲಿ ಬಚ್ಚಿಡುವರು. ಅಕ್ಕಿಯ ಡಬ್ಬ, ಹಾಸಿಗೆಯ ಹೊಲಿಗೆ, ಹಳೆಯ ಸೀರೆಯ ಮಡಿಕೆ. ಇಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲಾರೆವು.

ಎರಡು ವರ್ಷಗಳ ಹಿಂದೆ ನಮ್ಮ ಕಟ್ಟಡದ ಮನೆಯೊಂದರವರು ಕಾಶಿಯಾತ್ರೆಯಿಂದ ಮರಳಿದಾಗ ಎರಡು ಬಳೆಗಳು ಕಾಣಲಿಲ್ಲ. ಬೀಗ ಮುರಿದಿರಲಿಲ್ಲ, ಕಿಟಕಿ ಸರಿದಿರಲಿಲ್ಲ. ಸಂಜೆಯೊಳಗಾಗಿ ಎಲ್ಲರ ಬಾಯಲ್ಲಿಯೂ ಒಂದೇ ಹೆಸರು: ಮನೆಗೆಲಸದಾಕೆಯದು. ಆಕೆ ನಮ್ಮ ಮನೆಯನ್ನೂ ಸೇರಿಸಿ ಐದು ಮನೆಗಳಲ್ಲಿ ದುಡಿಯುತ್ತಿದ್ದಳು. ನಾಲ್ಕು ಮನೆಗಳವರು ಬರಬೇಡವೆಂದರು. ಆಕೆಯ ಚೀಲವನ್ನು ಗೇಟಿನಲ್ಲಿ ಬಿಚ್ಚಿ ನೋಡಬೇಕೆಂದು ಆಜ್ಞೆಯಾಯಿತು. ಅದನ್ನು ಬಿಚ್ಚಬೇಕಾದವನು ಒಡಿಶಾದಿಂದ ಬಂದ ಕಾವಲುಗಾರ, ದಿನವೂ ಆಕೆಯ ಕೈಯಿಂದ ಕಾಫಿ ತರಿಸಿಕೊಂಡು ಕುಡಿಯುತ್ತಿದ್ದವನು. ಹನ್ನೊಂದು ದಿನಗಳ ಅನಂತರ ಬಳೆಗಳು ಚಳಿಗಾಲದ ಶಾಲಿನ ಮಡಿಕೆಯಲ್ಲಿ ದೊರೆತವು. ಮನೆಯೊಡತಿಯೇ ಜೋಪಾನವಾಗಿ ಇಟ್ಟಿದ್ದರು. ವಾಸದ ಮನೆಯಲ್ಲಿ ಕದ್ದವನಿಗೆ ಭಾರತೀಯ ನ್ಯಾಯ ಸಂಹಿತೆಯ ೩೦೫ನೆಯ ಕಲಮು ಏಳು ವರ್ಷಗಳವರೆಗೆ ಸೆರೆ ವಿಧಿಸುತ್ತದೆ. ಕದಿಯದ ಆಕೆಗೆ ಹನ್ನೊಂದು ದಿನಗಳ ಶಿಕ್ಷೆಯಾಗಿ ಹೋಗಿತ್ತು. ನಾಳೆಯಿಂದ ಕೆಲಸಕ್ಕೆ ಬರಲೆಂದು ಕಾವಲುಗಾರನ ಮೂಲಕ ಹೇಳಿಕಳುಹಿಸಿದರು. ಆಕೆ ಆ ಮನೆಗೆ ಮತ್ತೆ ಹೋಗಲಿಲ್ಲ.

ಅಂದಿನಿಂದ ನಾವು ಹೊರಡುವ ಮುನ್ನ ಬೆಲೆಬಾಳುವ ವಸ್ತುಗಳನ್ನು ಎಲ್ಲೆಲ್ಲಿ ಇಟ್ಟಿದ್ದೇವೆಂಬುದನ್ನು ಬರೆದು, ಆ ಚೀಟಿಯನ್ನು ಪ್ರಯಾಣದಲ್ಲಿ ಜೊತೆಗೆ ಒಯ್ಯುತ್ತೇವೆ. ಬೀಗವು ಕಳ್ಳನಿಂದ ಮನೆಯನ್ನು ಕಾಯುವುದಾದರೆ, ಈ ಚೀಟಿಯು ನಮ್ಮ ನಾಲಗೆಯಿಂದ ಇತರರನ್ನು ಕಾಯುವುದು.

ಕಳೆದ ವರ್ಷ ತುಳಸಿಗೆ ನೀರೆರೆಯಲು ಕೀಲಿಕೈಯನ್ನು ಆಕೆಯ ಬಳಿ ಕೊಡಲು ಹೋದೆವು. ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. “ಬೇಡಿ ಅಮ್ಮಾ, ನೀವು ನಂಬ್ತೀರ, ನಂಗೊತ್ತು. ಆದ್ರೆ ಏನಾರ ಆದ್ರೆ ಕೇಳೋದು ನೀವೊಬ್ರೇ ಅಲ್ವಲ್ಲ” ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಎದುರುಮನೆಯ ಹಿರಿಯಮ್ಮನವರೇ ಒಂದು ದಾರಿ ಸೂಚಿಸಿದರು: ಕೀಲಿಕೈ ತಮ್ಮ ಬಳಿ ಇರಲಿ, ದಿನವೂ ಬೆಳಗ್ಗೆ ಆಕೆ ಬಂದಾಗ ಇಬ್ಬರೂ ಕೂಡಿಯೇ ಬಾಗಿಲು ತೆರೆಯುವುದು. ಆಕೆ ಹೊಸ್ತಿಲು ತೊಳೆದು ಎರಡೆಳೆ ರಂಗೋಲಿ ಬಿಟ್ಟು ತುಳಸಿಗೆ ನೀರು ಹಾಕುವಳು. ಅವರು ಬಾಗಿಲ ಚೀಟಿಗಳನ್ನು ಕಿತ್ತು, ಒಳಗೆಲ್ಲ ಒಮ್ಮೆ ಕಣ್ಣಾಡಿಸುವರು. ಆ ಮೂರು ವಾರಗಳ ಸಂಬಳವನ್ನು ಕಡಿಯದೆ ಮುಂಗಡವಾಗಿ ಕೊಟ್ಟೆವು. ರಜೆಗೆ ಹೋಗುವವರು ನಾವು, ಆಕೆಯ ಹೊಟ್ಟೆಗೆ ರಜೆಯುಂಟೇ? ಪೊಲೀಸ್ ಠಾಣೆಗೂ ತಿಳಿಸಿದೆವು. ಬೀಗ ಹಾಕಿದ ಮನೆಗಳ ವಿವರವಿದ್ದರೆ ಗಸ್ತಿನವರಿಗೆ ಅನುಕೂಲ. ತುರ್ತಾದರೆ ೧೧೨ಕ್ಕೆ ಕರೆ ಮಾಡಬೇಕೆಂದು ಹಿರಿಯಮ್ಮನವರ ಫೋನಿನ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟೆವು.

೧೯೭೨ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯಿದೆಯಂತೆ ಮೆಟ್ಟಿಲು, ಲಿಫ್ಟು, ನಡುವಣ ಓಣಿಗಳಲ್ಲಿ ಎಲ್ಲ ಮಾಲೀಕರಿಗೂ ಅವಿಭಕ್ತವಾದ ಪಾಲುಂಟು. ಕಾಗದದ ಮೇಲಿನ ಈ ಪಾಲು ವರ್ಷಪೂರ್ತಿ ಯಾರ ಗಮನಕ್ಕೂ ಬರುವುದಿಲ್ಲ. ಮೂರು ವಾರ ಆ ಓಣಿಯನ್ನು ನಿಜವಾಗಿ ಆಳಿದವರು ಹಿರಿಯಮ್ಮನವರು. ನಾವು ಮರಳಿದ ದಿನ, ಕೊರಿಯರಿನವನೆಂದು ಹೇಳಿಕೊಂಡು ಬಂದು ನಮ್ಮ ಬಾಗಿಲ ಮುಂದೆ ಬಹಳ ಹೊತ್ತು ನಿಂತಿದ್ದ ಒಬ್ಬನನ್ನು ತಾವು ಹೇಗೆ ವಿಚಾರಿಸಿದರೆಂಬುದನ್ನು ಸವಿಸ್ತಾರವಾಗಿ ವರ್ಣಿಸಿದರು. ಅವನು ಕಳ್ಳನೋ, ದಾರಿತಪ್ಪಿದ ಬಡಪಾಯಿಯೋ, ಇಂದಿಗೂ ತಿಳಿಯದು. ತುಳಸಿ ಚಿಗುರಿತ್ತು. ಊರಿನಿಂದ ತಂದ ಹಲಸಿನ ಹಪ್ಪಳವನ್ನು ಎರಡು ಸಮಪಾಲು ಮಾಡಿ, ಒಂದನ್ನು ಎದುರುಮನೆಗೆ ಕೊಟ್ಟು, ಇನ್ನೊಂದನ್ನು ಮರುದಿನ ಬೆಳಗ್ಗೆ ಆಕೆ ಬರುವವರೆಗೆ ಡಬ್ಬಿಯಲ್ಲಿ ಮುಚ್ಚಿಟ್ಟೆವು.